ಹುಣ್ಣಿಗೆ ಹೊತ್ತ ಹರಕೆ

ಕೊಟ್ರವ್ವ ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಉಣ್ಣತೊಡಗಿದಾಗ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅರವತ್ತು ದಾಟಿದ ಹೆಂಗಸು, ಹಲ್ಲು ನೋಯುತ್ತಿರಬೇಕು ಅಂದುಕೊಂಡರು. ಆಮೇಲೆ ರೊಟ್ಟಿ ಹೋಗಿ ಅನ್ನ ಬಂತು, ಅನ್ನ ಹೋಗಿ ಗಂಜಿ ಬಂತು. ಹರಿಹರದ ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುವ ಮನೆ ಅದು. ಅತ್ತೆ ತಟ್ಟುವುದು, ಸೊಸೆ ಸುಧಾ ಬೇಯಿಸುವುದು. ಒಂದು ಮಧ್ಯಾಹ್ನ ಗಂಜಿಯೂ ಒಳಗಿಳಿಯದೆ ಕೊಟ್ರವ್ವ ಬಚ್ಚಲಿಗೆ ಓಡಿದಾಗ ಸುಧಾ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಹಿಂದೆ ಓಡಿದಳು. ಅತ್ತೆಯ ರವಿಕೆ ತೋಳಿನಲ್ಲಿ ಎಷ್ಟು ಸಡಿಲಾಗಿದೆ ಅನ್ನುವುದು ಅವಳ ಕಣ್ಣಿಗೆ ಬಿದ್ದದ್ದೇ ಆಗ.

"ಎಷ್ಟ್ ದಿನ ಆತು ಅತ್ತೆ ಹಿಂಗೆ?"

"ಏನಿಲ್ಲ ಬಿಡು. ಎದಿ ನಡುವೆ ಏನೋ ಹಿಡ್ಕಂಡಂಗೆ ಆಗ್ತೈತೆ. ಹೋಗು, ರೊಟ್ಟಿ ಸೀದು ಹೋಗ್ತೈತೆ."

"ರೊಟ್ಟಿ ಸೀದು ಹೋಗ್ಲಿ. ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ನನ್ನ ಬದ್ಲಿ ನುಂಗ್ತಿದ್ಯಾ?" ಎಂದು ಕೊಟ್ರವ್ವ ಬಾಯಿ ಮುಕ್ಕಳಿಸಿ ಉಗಿದಳು.

ಮಗಳು ರಶ್ಮಿ ಇದ್ದದ್ದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಸುದ್ದಿ ಕೇಳಿದವಳೇ ತಾಯಿಯನ್ನು ಕರೆಸಿಕೊಂಡು ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಬಿಡಿಸಿ ನೋಡಿಸಿದಳು. ಆಮೇಲೆ ಸ್ಕ್ಯಾನ್ ಆಯಿತು. ಫಲಿತಾಂಶ ಬಂದ ದಿನ ಮಗ ಶಿವಮೂರ್ತಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಬಾಗಿಲೆಳೆದು ಬಂದ. ಮೊಮ್ಮಗಳು ಚೈತ್ರಾಳನ್ನು ಅಜ್ಜಿಯ ಜೊತೆ ಹೊರಗೆ ಬೆಂಚಿನ ಮೇಲೆ ಕೂರಿಸಿ ಮಕ್ಕಳಿಬ್ಬರೂ ಸುಧಾಳೂ ಒಳಗೆ ಹೋದರು. ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಂಗಸು. ಮಾತಿಗೆ ಮುಂಚೆ ಬಾಗಿಲು ಹಾಕಿದೆಯೋ ಎಂದು ನೋಡಿದಳು.

"ಅನ್ನನಾಳದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಪಕ್ಕದ ದುಗ್ಧರಸ ಗ್ರಂಥಿಗಳಿಗೂ ಹರಡಿದೆ. ಲಿವರ್, ಶ್ವಾಸಕೋಶಕ್ಕೆ ಹೋಗಿಲ್ಲ. ಅದಕ್ಕೇ ವಾಸಿ ಮಾಡೋ ಉದ್ದೇಶದಿಂದಲೇ ಮಾತಾಡ್ತಿದ್ದೀನಿ."

ಶಿವಮೂರ್ತಿ ಕರ್ಚೀಫು ತೆಗೆದ, ಒರೆಸಿಕೊಳ್ಳಲು ಮರೆತ. "ಆಪರೇಷನ್ ಮಾಡಿ ತೆಗೆದುಬಿಡ್ತೀರೇನ್ರಿ ಮೇಡಂ?"

"ಗ್ರಂಥಿಗೆ ಬಂದಮೇಲೆ ನೇರ ಆಪರೇಷನ್ ಮಾಡೋದಿಲ್ಲ. ಮೊದಲು ಐದು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ. ಗಡ್ಡೆ ಕುಗ್ಗುತ್ತೆ. ಒಂದೆರಡು ತಿಂಗಳು ಸುಧಾರಿಸಿಕೊಂಡ ಮೇಲೆ ಆಪರೇಷನ್. ಅನ್ನನಾಳ ತೆಗೆದು, ಹೊಟ್ಟೆಯನ್ನೇ ಕೊಳವೆ ಹಂಗೆ ಮಾಡಿ ಮೇಲಕ್ಕೆ ಎಳೆದು ಜೋಡಿಸ್ತೀವಿ."

"ಆಪರೇಷನ್ ಬ್ಯಾಡ ಅಂದ್ರೆ?"

"ರೇಡಿಯೇಷನ್, ಕೀಮೋ ಅಷ್ಟೇ ಮುಗಿಸಿ, ಆಗಾಗ ಪರೀಕ್ಷೆ ಮಾಡ್ತಾ ಕಾಯೋದೂ ಒಂದು ದಾರಿ. ಗಡ್ಡೆ ಪೂರ್ತಿ ಹೋಗಿದ್ರೆ ಸರಿ. ಉಳಿದಿದ್ರೆ ತೆಗೆಯೋದೇ ಒಳ್ಳೇದು. ಮೈ ಏನನ್ನೂ ತಡೆಯೋದಿಲ್ಲ ಅಂದಾಗ ನುಂಗೋಕೆ ಅನುಕೂಲ ಆಗ್ಲಿ ಅಂತ ಸ್ಟೆಂಟ್ ಹಾಕ್ತೀವಿ. ಅದು ದಾರಿ ತೆರೀತದೆ, ರೋಗ ತೆಗೆಯೋದಿಲ್ಲ." ಡಾಕ್ಟರು ಪೆನ್ನು ಕೆಳಗಿಟ್ಟಳು. "ಅಮ್ಮನ್ನ ಯಾಕೆ ಒಳಗೆ ಕರೀಲಿಲ್ಲ?"

"ಕೈ ಮುಗೀತೀನಿ ಮೇಡಂ, ಅವ್ವಗೆ ಹೇಳಬ್ಯಾಡ್ರಿ. ಆ ಹೆಸರು ಕೇಳಿದ್ರೆ ಅರ್ಧ ಜೀವ ಅಲ್ಲೇ ಹೋಗ್ತೈತೆ."

"ಈಗಿನ ಮಟ್ಟಿಗೆ ನಿಮ್ಮ ಮಾತು. ಆಪರೇಷನ್‌ಗೆ ಮುಂಚೆ ಮಾತ್ರ ನಾನೇ ಹೇಳ್ತೀನಿ. ಮೈ ಅವರದ್ದು."

ಹೊರಗೆ ಬಂದಾಗ ಕೊಟ್ರವ್ವ ಎದ್ದು ನಿಂತಿದ್ದಳು. ಶಿವಮೂರ್ತಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ರಶ್ಮಿ ಕಣ್ಣೊರೆಸಿಕೊಳ್ಳುತ್ತ ನೀರಿನ ನಲ್ಲಿಯ ಕಡೆ ಹೋದಳು. ಯಾರಾದರೂ ಏನಾದರೂ ಹೇಳಲೇಬೇಕಿತ್ತು. ಸುಧಾಳ ಬಾಯಿಂದ ಮಾತು ತಾನಾಗಿ ಬಂತು.

"ಹುಣ್ಣು ಆಗೈತಂತೆ ಅತ್ತೆ. ಅನ್ನ ಇಳಿಯೋ ದಾರಿಯಾಗೆ. ಬೆಳಕು ಬಿಟ್ಟು ಒಣಗಸ್ತಾರಂತೆ."

"ಅಷ್ಟೇ ಏನು? ಅದಕ್ಕೆ ಇವ್ನ್ಯಾಕ ಮಸಿ ಬಳ್ದಂಗೆ ಮುಖ ಮಾಡ್ಯಾನೆ?"

"ಬಹಳ ದಿನ ಹಿಡೀತೈತಂತೆ, ಅದಕ್ಕೆ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಸುಧಾಳಿಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಶಿವಮೂರ್ತಿ ಅವಳ ಕಿವಿಯಲ್ಲಿ, "ಚೊಲೊ ಮಾಡಿದಿ," ಅಂದ. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಹೊಗಳಿದ್ದೇ ಕಡಿಮೆ. ಆ ಮಾತು ಅವಳಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ಕಸಿವಿಸಿಯೂ ಆಯಿತು.

ಐದು ವಾರ ಅತ್ತೆ ಸೊಸೆ ಇಬ್ಬರೂ ರಶ್ಮಿಯ ಮನೆಯಲ್ಲಿ. ಸೋಮವಾರ ಹೋಗಿ ಶುಕ್ರವಾರ ಹರಿಹರಕ್ಕೆ ವಾಪಸ್ಸು. ಹರಿಹರದಲ್ಲಿ ಚೈತ್ರಾ ಕಾಲೇಜಿಗೆ ಹೋಗುವ ಮುಂಚೆ ಅಪ್ಪನಿಗೆ ಉಪ್ಪಿಟ್ಟು ಮಾಡಿಟ್ಟು ಹೋಗುವಳು. ದಿನಾ ಉಪ್ಪಿಟ್ಟೇ. ಮೂರನೆಯ ವಾರ ಶಿವಮೂರ್ತಿ ಫೋನಿನಲ್ಲಿ, "ಬೇಗ ಬಾರೇ, ಈ ಹುಡುಗಿ ನನ್ನನ್ನ ಉಪ್ಪಿಟ್ಟಿನಾಗೆ ಹೂಳ್ತಾಳೆ," ಅಂದ. ಹಿಂದಿನಿಂದ ಚೈತ್ರಾಳ ದನಿ ಬಂತು: "ನೀನಾ ಮಾಡ್ಕೊ ಹಂಗಾರೆ!" ಖಾನಾವಳಿಯವರು ರೊಟ್ಟಿಗೆ ಬೇರೆ ಮನೆ ಹುಡುಕಿಕೊಂಡರು. ಸುಧಾಳ ಮನಸ್ಸು ಎಸ್.ಎಸ್. ಬಡಾವಣೆಯಲ್ಲಿದ್ದಾಗ ಹರಿಹರದ ಒಲೆಯ ಮುಂದೆ, ಹರಿಹರದಲ್ಲಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ.

ರಶ್ಮಿಯ ಅಡಿಗೆಮನೆಯಲ್ಲಿ ಎಲ್ಲವೂ ಮಿಕ್ಸಿಗೆ ಬೀಳುತ್ತಿತ್ತು. ಬೇಳೆ, ಸೊಪ್ಪು, ಶೇಂಗಾ, ಮೇಲೆ ಡಬ್ಬಿಯ ಪ್ರೋಟೀನ್ ಪುಡಿ.

"ತೂಕ ಇಳೀಬಾರದು ಅವ್ವ, ಕುಡಿ."

"ಇದೇನೇ, ಸುಣ್ಣ ಕಲಸಿದಂಗೈತೆ. ಗೋಡಿಗೆ ಬಳಿ ಹೋಗು."

"ಅತ್ತಿಗೆ, ನೀವಾರ ಹೇಳ್ರಿ."

"ಬೆಲ್ಲ ಹಾಕ್ಲಾ ಅತ್ತೆ?" ಎಂದು ಸುಧಾ ಕೇಳಿದರೆ ಕೊಟ್ರವ್ವ ಮುಖ ತಿರುಗಿಸಿ ಕುಡಿಯುವಳು. ಆಮೇಲೆ ಅದೂ ಕಷ್ಟವಾಯಿತು. ಬೆಳಕು ಬಿಟ್ಟ ಜಾಗ ಒಳಗೇ ಸುಟ್ಟಂತಾಗಿ ನೀರು ನುಂಗಿದರೂ ಕಣ್ಣಲ್ಲಿ ನೀರು. ಕಡೆಗೆ ಮೂಗಿನಿಂದ ನಳಿಕೆ ಇಳಿಸಿದರು. ನೋಡಲು ಬಂದ ಚೈತ್ರಾ, "ಅಜ್ಜಿ, ಸೊಂಡಿಲು ಬಂದೈತಲ್ಲ!" ಅಂದುಬಿಟ್ಟಳು. ರಶ್ಮಿ ಗದರಿದಳು. ಕೊಟ್ರವ್ವ ಮಾತ್ರ ನೋವಿನ ನಡುವೆಯೇ ಭುಜ ಕುಣಿಸಿ ನಕ್ಕು, "ಬಾ, ಬೆನ್ನ ಮ್ಯಾಲೆ ಕೂರ್ಸಿಕಂಡು ಎಸ್.ಎಸ್. ಬಡಾವಣಿ ಸುತ್ತಸ್ತೀನಿ," ಅಂದಳು.

ಸುಧಾಳಿಗೆ ಹೆದರಿಕೆ ಇದ್ದದ್ದು ಆಸ್ಪತ್ರೆಯ ಕಾಯುವ ಜಾಗದ ಬಗ್ಗೆ. ಅಲ್ಲಿ ಎಲ್ಲರೂ ಎಲ್ಲರ ರೋಗ ಕೇಳುವವರೇ. ಅತ್ತೆಯನ್ನು ದಿನಾ ಮೂಲೆಯ ಕಂಬದ ಹಿಂದೆ ಕೂರಿಸುವಳು. ಮಾತಿಲ್ಲದೆ ಕೂತು ಗೊತ್ತಿಲ್ಲದ ಕೊಟ್ರವ್ವನಿಗೆ ಅದು ಜೈಲು.

"ಅಲ್ಲಿ ಫ್ಯಾನ್ ಐತೆ, ನಾಕು ಮಂದಿ ಅದಾರೆ. ನನ್ನ್ಯಾಕ ಇಲ್ಲಿ ಕಳ್ಳಿ ಹಂಗೆ ಕೂರ್ಸ್ತಿ?"

"ಸೋಂಕು ತಗಲ್ತೈತೆ ಅತ್ತೆ."

ಬಾತಿಯಿಂದ ಬರುತ್ತಿದ್ದ ಹಂಪವ್ವ ಎಂಬ ಮುದುಕಿ ಒಂದು ದಿನ ತಾನಾಗಿಯೇ ಕಂಬದ ಹಿಂದೆ ಬಂದು ಕೂತು, "ನಿಮಗೂ ಕರೆಂಟ್ ಕೊಡ್ತಾರೇನಕ್ಕ?" ಎಂದಳು. ರೇಡಿಯೇಷನ್ನಿಗೆ ಅಲ್ಲಿಯವರು ಇಟ್ಟುಕೊಂಡ ಹೆಸರು ಅದು. ಸುಧಾ ನೀರು ಕುಡಿಸುವ ನೆಪದಲ್ಲಿ ಅವಳನ್ನು ಆಚೆ ಕರೆದೊಯ್ದು, "ನಮ್ಮತ್ತೆಗೆ ಹುಣ್ಣು ಅಂತ ಹೇಳೀವಿ ಅಜ್ಜಿ, ದಯವಿಟ್ಟು..." ಎಂದು ಕೈ ಹಿಡಿದುಕೊಂಡಳು. ಹಂಪವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಂಗೂ ನನ್ ಮಕ್ಳು ಗಂಟು ಅಂದಿದ್ರು. ಗಂಟು ಅಂತ ತಿಳ್ಕಂಡು ನಾನು ಎರಡು ತಿಂಗಳು ಮನಿಯಾಗೇ ಕೂತೆ. ನಿಮ್ಮಿಷ್ಟವ್ವ." ವಾಪಸ್ಸು ಹೋಗಿ ಕೊಟ್ರವ್ವನ ಜೊತೆ ಮೆಣಸಿನಕಾಯಿ ರೇಟಿನ ಮಾತು ತೆಗೆದಳು.

ನಳಿಕೆ ಇಳಿಸಿದ ವಾರವೇ, ಹರಿಹರಕ್ಕೆ ಬಂದ ಶನಿವಾರ ಬೆಳಿಗ್ಗೆ, ಕೊಟ್ರವ್ವ ಓಣಿಯ ತುದಿಯ ಸುಂಕಲಮ್ಮನ ಗುಡಿಗೆ ಹೋಗಬೇಕೆಂದು ಹಟ ಹಿಡಿದಳು. ಸುಧಾ ತೋಳು ಹಿಡಿದು ನಡೆಸಿಕೊಂಡು ಹೋದಳು. ಅತ್ತೆ ಹೊಸ್ತಿಲಿಗೆ ಹಣೆ ಹಚ್ಚಿ, ಸೆರಗೊಡ್ಡಿ, ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಂಡಳು.

"ತಾಯೀ, ನನ್ನ ಅನ್ನದ ದಾರಿಯಾಗಿನ ಹುಣ್ಣು ಒಣಗಸು. ಒಣಗಿದ ಮ್ಯಾಲೆ ನಿನಗೆ ಉಡಿ ತುಂಬ್ತೀನಿ, ಓಣಿ ಮುತ್ತೈದೇರಿಗೆ ಹೋಳಿಗಿ ಊಟ ಹಾಕ್ತೀನಿ, ನಿನ್ನ ಮುಂದೆ ಕೂತು ಅದ್ರ ಮೊದ್ಲ ತುತ್ತು ನುಂಗ್ತೀನಿ."

ಪೂಜಾರಿ ಭಂಡಾರ ಕೊಟ್ಟ. ಸುಧಾ ಅದನ್ನು ತೆಗೆದುಕೊಂಡು ಅತ್ತೆಯ ಹಣೆಗೆ ಹಚ್ಚಿದಳು. ಮನುಷ್ಯರ ಮುಂದೆ ಹೇಳಿದ್ದು ಒಂದು, ಇದು ಇನ್ನೊಂದು ಅನ್ನಿಸಿತು. ಆದರೆ ಗುಡಿಯ ಮುಂದೆ ನಿಂತು ಬಾಯಿ ಬಿಡುವುದಾದರೂ ಹೇಗೆ?

ಕರೆಂಟು ಮುಗಿಯಿತು. ಹೊಟ್ಟೆಯ ಸಂಕಟ, ಸುಸ್ತು, ಉದುರಿದ ಕೂದಲು, ಎಲ್ಲ ದಾಟಿ, ನಳಿಕೆ ತೆಗೆಸಿ ಒಂದಿಷ್ಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೆತ್ತಗಿನ ಅನ್ನ ಸಾರು ಕೊಟ್ರವ್ವನ ಗಂಟಲಲ್ಲಿ ಇಳಿಯಿತು. ಅವಳು ಎದೆಯ ಮೇಲೆ ಕೈಯಿಟ್ಟು ತುತ್ತು ಇಳಿಯುವುದನ್ನೇ ಕಾದಳು. ಇಳಿಯಿತು. ಇನ್ನೊಂದು ತುತ್ತು. ಅದೂ ಇಳಿಯಿತು. "ಏ ಶಿವೂ, ಬಾರೋ ಇಲ್ಲಿ, ನೋಡೋ!" ಎಂದು ಕೂಗಿದಳು. ಶಿವಮೂರ್ತಿ ತಾಯಿಯ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಣ್ಣ ಹುಡುಗನಂತೆ ನೋಡಿದ.

ಹೊಸ ಸ್ಕ್ಯಾನ್ ಆಯಿತು. ಡಾಕ್ಟರು ಮಕ್ಕಳಿಬ್ಬರನ್ನೂ ಸುಧಾಳನ್ನೂ ಕೂರಿಸಿ ಹೇಳಿದಳು: ಬಹಳ ಕುಗ್ಗಿದೆ, ಆದರೆ ಪೂರ್ತಿ ಹೋಗಿಲ್ಲ. ನಾಳದಲ್ಲಿ ಸ್ವಲ್ಪ ಇದೆ, ಒಂದು ಗ್ರಂಥಿಯಲ್ಲೂ ಇದೆ. ಈಗ ಆಪರೇಷನ್ನಿಗೆ ಸರಿಯಾದ ಸಮಯ, ತಡ ಮಾಡಬೇಡಿ. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಬನ್ನಿ.

ಮನೆಗೆ ಬಂದರೆ ಕೊಟ್ರವ್ವ ಕಡಲೆಬೇಳೆ ಆರಿಸುತ್ತ ಕೂತಿದ್ದಳು.

"ಏನಂದ್ಲು ಆ ಡಾಕ್ಟರ್ ಹುಡುಗಿ? ಒಣಗೈತೋ ಇಲ್ಲೋ?"

ಶಿವಮೂರ್ತಿ ಹೆಂಡತಿಯನ್ನು ನೋಡಿದ. ಸುಧಾ ಅಂದಳು: "ಬಹಳ ಒಣಗೈತಂತೆ ಅತ್ತೆ."

"ಹಂಗಾರೆ ಈ ಶುಕ್ರವಾರವೇ ಹರಕಿ."

ತಡೆಯಬಹುದಿತ್ತು. ಅಮಾವಾಸ್ಯೆ ಬರಲಿ ಎನ್ನಬಹುದಿತ್ತು, ಬೆಲ್ಲ ಸಿಗುತ್ತಿಲ್ಲ ಎನ್ನಬಹುದಿತ್ತು. ಸುಧಾ ಬೇಳೆ ಬೇಯಲಿಟ್ಟಳು. ಶುಕ್ರವಾರ ಅತ್ತೆ ಹಸಿರು ಸೀರೆಯನ್ನು ತಾಯಿಯ ಉಡಿಗಿಟ್ಟು, ಗುಡಿಯ ಕಟ್ಟೆಯ ಮೇಲೆ ಕೂತು, ತುಪ್ಪದಲ್ಲಿ ನೆನೆದ ಹೋಳಿಗೆಯ ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ನುಂಗಿದಳು. ಓಣಿಯ ಹೆಂಗಸರು ಉಘೇ ಎಂದರು. ಚೈತ್ರಾ ವಿಡಿಯೋ ಮಾಡಿದಳು.

ಮುಂದಿನ ಮಂಗಳವಾರ ಆಸ್ಪತ್ರೆಗೆ ಹೊರಡಿ ಎಂದಾಗ ಕೊಟ್ರವ್ವ ಕೂತಲ್ಲಿಂದ ಏಳಲಿಲ್ಲ.

"ಎಲ್ಲಿಗೆ?"

"ಡಾಕ್ಟರ್ ಒಂದ್ಸಲ ತೋರ್ಸಾಕೆ ಹೇಳ್ಯಾರೆ ಅವ್ವ."

"ಹರಕಿ ತೀರ್ಸಿ ಆತು. ತೀರ್ಸಿದ ಮ್ಯಾಲೆ ಆ ರೋಗದ ಮಾತು ಎತ್ತಬಾರ್ದು. ನಮ್ಮವ್ವ ಎತ್ತಲಿಲ್ಲ, ನಮ್ಮತ್ತಿ ಎತ್ತಲಿಲ್ಲ. ಈಗ ಆಸ್ಪತ್ರಿ ಮೆಟ್ಲು ಹತ್ತಿದ್ರೆ ಸುಂಕಲಮ್ಮನ್ನ ಸುಳ್ಳಿ ಅಂದಂಗೆ. ನಾ ಬರಾಂಗಿಲ್ಲ."

ಬೇಡಿದರು, ಗದರಿದರು. ರಶ್ಮಿ ದಾವಣಗೆರೆಯಿಂದ ಓಡಿ ಬಂದಳು. ಕೊಟ್ರವ್ವ ಜಪ್ಪಯ್ಯ ಅನ್ನಲಿಲ್ಲ. ಬದಲಿಗೆ ಹಿಟ್ಟಿನ ಡಬ್ಬಿ ಇಳಿಸಿ, "ಖಾನಾವಳಿಯೋರಿಗೆ ಹೇಳಿ ಕಳ್ಸು, ನಾಳಿಂದ ರೊಟ್ಟಿ ಕೊಡಾಣ," ಅಂದಳು.

ಮತ್ತೊಂದು ವಾರ ಹೋಯಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಇನ್ನು ಬಿಟ್ಟರೆ ಆಪರೇಷನ್ನು ಕಷ್ಟ, ರೋಗ ಮತ್ತೆ ತಲೆ ಎತ್ತುತ್ತದೆ ಎಂದರು. ಅತ್ತೆ ನೆರೆಮನೆಗೆ ಹೋದ ಹೊತ್ತಿಗೆ ಹಿತ್ತಲಲ್ಲಿ ಒಣಗಿದ ಬಟ್ಟೆಗಳ ನಡುವೆ ಜಗಳ ಹತ್ತಿತು.

"ನಂಗೊಂದು ಉಪಾಯ ಹೊಳೆದೈತೆ," ಅಂದ ಶಿವಮೂರ್ತಿ. "ರಶ್ಮಿ ಮನಿಯಾಗೆ ಸತ್ಯನಾರಾಯಣ ಪೂಜಿ ಅಂತ ಕರ್ಕಂಡು ಹೋಗಾಣ. ಅಲ್ಲಿಂದ ಸೀದಾ ಅಡ್ಮಿಟ್."

"ಹೊಟ್ಟಿ, ಎದಿ ಎಲ್ಲಾ ಕುಯ್ತಾರಣ್ಣ! ಎದ್ದು ನೋಡ್ಕಂಡು ಪೂಜಿ ಪ್ರಸಾದ ಎಲ್ಲಿ ಅಂತಾಳೇನು?"

"ಹಂಗಾರೆ ಮೊದ್ಲೇ ಹೇಳ್ಬೇಕಿತ್ತು ನೀನು! ಆವಾಗ ನಲ್ಲಿ ಹತ್ರ ಹೋಗಿ ಅಳ್ತಾ ನಿಂತಿದ್ದು ಯಾರು?"

"ಕ್ಯಾಲೆಂಡರ್ ನೋಡಿದ್ದು ಯಾರು?" ರಶ್ಮಿ ತಿರುಗಿ ಸುಧಾಳ ಕಡೆ ಬೆರಳು ಮಾಡಿದಳು. "ಹುಣ್ಣು ಹುಟ್ಟಿಸಿದ್ದು ನೀವು ಅತ್ತಿಗೆ. ನೀವಾ ತೆಗೀರಿ."

ಸುಧಾ ತಂತಿಯಿಂದ ಬಟ್ಟೆ ಎಳೆಯುತ್ತಿದ್ದವಳು ಎಳೆಯುತ್ತಲೇ ಇದ್ದಳು. ಅವಳ ಕೈಗೆ ಅತ್ತೆಯ ರವಿಕೆ ಬಂತು. ಎರಡೂ ಬದಿ ತಾನೇ ಹೊಲಿಗೆ ಹಾಕಿ ಸಣ್ಣದು ಮಾಡಿದ್ದು.

"ಪೂಜಿ ಗೀಜಿ ಬ್ಯಾಡ್ರಿ," ಅಂದಳು ಗಂಡನಿಗೆ. "ನಾನಾ ಹೇಳ್ತೀನಿ."

"ಹೇಳಿ ನೋಡು! ಅವ್ವಗೆ ಏನಾರ ಆದ್ರೆ..."

"ಹೇಳ್ದಿದ್ರೂ ಆಗ್ತೈತಲ್ಲ."

ಮರುದಿನ ಬೆಳಿಗ್ಗೆ ಕೊಟ್ರವ್ವ ರೊಟ್ಟಿ ತಟ್ಟಲು ಕೂತಿದ್ದಳು. ಮೊದಲಿನ ಕಸುವಿಲ್ಲದಿದ್ದರೂ ಕೈಯ ಲಯ ತಪ್ಪಿರಲಿಲ್ಲ. ಸುಧಾ ಒಲೆ ಆರಿಸಿ ಎದುರಿಗೆ ಬಂದು ಕೂತಳು.

"ಅತ್ತೆ, ನಿಮಗೆ ಆಗಿದ್ದು ಹುಣ್ಣಲ್ಲ."

"ಮತ್ತೇನು?"

"ಕ್ಯಾನ್ಸರು."

ತಟ್ಟುವ ಕೈ ಒಂದೆರಡು ಸಲ ತಟ್ಟಿ ನಿಂತಿತು. ರೊಟ್ಟಿಯ ಅಂಚು ಒಡೆದಿತ್ತು. ಕೊಟ್ರವ್ವ ಅದನ್ನು ಹಿಟ್ಟಿನ ಬೆರಳಿಂದ ಒತ್ತಿ ಕೂಡಿಸಿದಳು.

"ಹುಣ್ಣು ಅಂದೋರ್ಯಾರು? ಡಾಕ್ಟರಾ?"

"ಅಲ್ಲ. ನಾನಾ."

"ಇವಕ್ಕೆಲ್ಲ ಗೊತ್ತಿತ್ತಾ? ಚೈತ್ರಾಗೂ?"

"ಗೊತ್ತಿತ್ತು."

"ಬಾತಿ ಹಂಪವ್ವಗೂ?"

ಸುಧಾ ತಲೆಯಾಡಿಸಿದಳು.

"ಊರಿಗೆಲ್ಲ ಗೊತ್ತು, ಹೊತ್ತೋಳಿಗೆ ಗೊತ್ತಿಲ್ಲ," ಎಂದು ಕೊಟ್ರವ್ವ ಗೋಡೆಗೊರಗಿದಳು. ಅಳುತ್ತಾಳೆ ಎಂದು ಸುಧಾ ನೀರಿನ ಚೊಂಬು ಹತ್ತಿರ ಇಟ್ಟಳು. ಅಳು ಬರಲಿಲ್ಲ, ಸಿಟ್ಟು ಬಂತು.

"ನಾನು ತಾಯಿ ಮುಂದೆ ಸೆರಗೊಡ್ಡಿ ಏನು ಕೇಳಿದೆ? ಹುಣ್ಣು ಒಣಗಸು ಅಂದೆ. ಆಕಿ ಕೇಳಿದ್ದು ಕೊಟ್ಲು. ಇದನ್ನ ಯಾರು ಕೇಳಿದ್ರೇ ಆಕಿನ್ನ? ನೀನು ಪಕ್ಕದಾಗೆ ನಿಂತಿದ್ದಿ! ನನ್ನ ಬಾಯಾಗೆ ಬ್ಯಾರೆ ಹೆಸರು ಇಟ್ಟು ಬೇಡಿಕೊಳ್ಳಾಕೆ ಬಿಟ್ಟಿ! ಮನುಷ್ಯಾರ ಮುಂದೆ ಸುಳ್ಳು ಹೇಳು, ಹೋಗ್ಲಿ. ನನ್ನ ಹರಕಿ ಹಾಳು ಮಾಡಿದ್ಯಲ್ಲೇ!"

"ತಪ್ಪಾತು ಅತ್ತೆ."

"ಹೋಗಾಚೆ."

ಅವಳು ಕೈ ತೊಳೆದು ಗುಡಿಯ ಕಡೆ ಹೋದಳು. ಊಟದ ಹೊತ್ತು ಮೀರಿದರೂ ಬರಲಿಲ್ಲ. ಶಿವಮೂರ್ತಿ ಅಂಗಡಿಯಿಂದ ಬಂದು ಓಣಿಯ ತುದಿಗೆ ಹೋಗಿ ಇಣುಕಿದ, ಹತ್ತಿರ ಹೋಗಲು ಧೈರ್ಯವಾಗದೆ ತಿರುಗಿ ಬಂದ. ಸುಧಾ ಒಲೆ ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಬಿಸಿಲು ಇಳಿದ ಮೇಲೆ ಕೊಟ್ರವ್ವ ಬಂದು, ಯಾರನ್ನೂ ನೋಡದೆ, "ತಾಯಿ ಹುಣ್ಣಿನ ಲೆಕ್ಕ ಮುಗಿಸ್ಯಾಳೆ. ಇದು ಬ್ಯಾರೆ ಲೆಕ್ಕ. ನಾಳೆ ದಾವಣಗೆರೆಗೆ ಹೋಗಾಣ," ಎಂದು ತಟ್ಟೆ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಬಾಗಿಲಿಗೆ ಮೂವರೂ ಹಿಂದೆ ಬಂದರು. ಕೊಟ್ರವ್ವ ತಿರುಗಿ ನಿಂತಳು.

"ಎಲ್ಲಿಗೆ?"

"ನಾವೂ..." ಅಂದ ಶಿವಮೂರ್ತಿ.

"ನೀವು ಕೇಳ್ಕಂಡಿದ್ದು ಸಾಕು. ಕೂಡ್ರಿ ಅಲ್ಲಿ."

ಬಾಗಿಲು ಮುಚ್ಚಿತು. ಶಿವಮೂರ್ತಿ ಎದ್ದ, ಕೂತ, ಚಹಾ ತರುತ್ತೇನೆಂದು ಹೋಗಿ ಬರಿಗೈಲಿ ಬಂದ. ರಶ್ಮಿ ಫೋನು ತೀಡುತ್ತಿದ್ದಳು, ಏನೂ ಓದುತ್ತಿರಲಿಲ್ಲ. ಒಳಗಿನಿಂದ ಡಾಕ್ಟರ ದನಿ ಸಣ್ಣಗೆ ಬರುತ್ತಿತ್ತು, ನಡುನಡುವೆ ಕೊಟ್ರವ್ವನದು. ಮಾತು ತಿಳಿಯುತ್ತಿರಲಿಲ್ಲ. ತಿಳಿಯದೆ ಕೂತಿರುವುದು ಹೇಗಿರುತ್ತದೆಂದು ಸುಧಾಳಿಗೆ ಅವತ್ತು ಗೊತ್ತಾಯಿತು.

ಹೊರಗೆ ಬಂದ ಕೊಟ್ರವ್ವ ನೇರ ಬೆಂಚಿಗೆ ಬಂದು ಇಬ್ಬರು ಮಕ್ಕಳ ನಡುವೆ ಕೂತಳು.

"ಮೂರು ದಾರಿ ಹೇಳಿದ್ಲು. ಕುಯ್ಯೋದು, ಕಾಯೋದು, ಸುಮ್ನೆ ಸ್ಟೆಂಟೋ ಎಂತದೋ ಇಟ್ಕಂಡು ಇರೋಷ್ಟು ದಿನ ಇರೋದು. ಒಂದು ಗಂಟು ಉಳಕಂಡೈತಂತೆ. ಅದನ್ನ ಎದಿಯಾಗೆ ಇಟ್ಕಂಡು ಕಾಯ್ತಾ ಕೂಡ್ರೋದು ನನ್ನ ಕೈಲಾಗಲ್ಲ. ಕುಯ್ಯಿ ಅಂದೆ."

"ಅವ್ವ, ಅಪಾಯ..." ಶಿವಮೂರ್ತಿ ಕರ್ಚೀಫಿನಿಂದ ಕಣ್ಣು ಒತ್ತಿಕೊಂಡ.

"ಐತಂತೆ. ಟೇಬಲ್ ಮ್ಯಾಲೇ ಹೋದ್ರೂ ಹೋಗಬಹುದು ಅಂದ್ಲು. ನಾನು ಕೇಳಿದೆ, ಅದಕ್ಕೆ ಹೇಳಿದ್ಲು. ಒಲಿ ಹೊಗಿ ಕುಡ್ದ ಎದಿ ಅಂತ ಉಸಿರು ಎಳೆಯೋ ಆಟದ ಸಾಮಾನು ಕೊಟ್ಟಾಳೆ, ಮೂರು ಗೋಲಿ ಅದಾವೆ ಅದ್ರಾಗೆ. ಮೂರೂ ಮ್ಯಾಲೆ ಹೋದ್ರೆ ಆಪರೇಷನ್. ಅಳಬ್ಯಾಡೋ, ಮಂದಿ ನೋಡ್ತಾರೆ."

ವಾಪಸ್ಸು ಬಸ್ಸಿನಲ್ಲಿ ಶಿವಮೂರ್ತಿಗೆ ಮುಂದೆ ಸೀಟು ಸಿಕ್ಕಿತು. ಅತ್ತೆ ಸೊಸೆ ಹಿಂದೆ ಕೂತರು. ಹಿಂದಿನ ದಿನ ಬೆಳಗಿನಿಂದ ಕೊಟ್ರವ್ವ ಸುಧಾಳ ಜೊತೆ ಮಾತಾಡಿರಲಿಲ್ಲ. ಬಾತಿ ಕೆರೆ ದಾಟುವ ತನಕ ಕಿಟಕಿಯನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸದೆಯೇ ಶುರು ಮಾಡಿದಳು.

"ನಂಗೆ ಎಚ್ಚರಾದಾಗ ಮೊದ್ಲು ನೀನಾ ಬರ್ಬೇಕು. ಶಿವೂ ಬಂದ್ರೆ ಅಳ್ತಾನೆ. ರಶ್ಮಿ ಇಂಗ್ಲಿಷ್‌ನಾಗೆ ಹೇಳ್ತಾಳೆ."

"ಬರ್ತೀನಿ ಅತ್ತೆ."

"ಎಲ್ಲಾ ತೆಗೆದ್ರಾ, ಏನಾರ ಉಳಕಂಡೈತಾ ಅಂತ ಕೇಳ್ತೀನಿ. ಉಳಕಂಡಿದ್ರೆ ಉಳಕಂಡೈತೆ ಅನ್ಬೇಕು. ಹುಣ್ಣು ಗಿಣ್ಣು ಅಂದಿ, ನೋಡು."

"ಹೂಂ."

"ಹೂಂ ಅಂದ್ರೆ ಸಾಲ್ದು. ಬಾಯಿ ತಪ್ತೈತೆ ನಿನಗೆ, ಗೊತ್ತೈತೆ ನಂಗೆ. ಈಗ್ಲೇ ಒಂದ್ಸಲ ಹೇಳು."

ಸುಧಾ ಸೀಟಿನ ಕಂಬಿ ಹಿಡಿದುಕೊಂಡಳು.

"ಉಳಕಂಡೈತೆ... ಅತ್ತೆ."

"ಇಷ್ಟು ಸಣ್ಣಗಾ? ಮಂಪರಿನಾಗೆ ಇರ್ತೀನಿ, ಕೇಳಾಂಗಿಲ್ಲ. ಜೋರಾಗಿ."

"ಉಳಕಂಡೈತೆ ಅತ್ತೆ!"

ಇಡೀ ಬಸ್ಸು ತಿರುಗಿ ನೋಡಿತು. ಏನನ್ನೋ ಮರೆತು ಬಂದಿದ್ದಾರೆಂದುಕೊಂಡ ಕಂಡಕ್ಟರ್ ಸೀಟಿ ಕೈಗೆತ್ತಿಕೊಂಡು, "ನಿಲ್ಸಲೇನಕ್ಕ?" ಎಂದು ಕೇಳಿದ.

"ಬ್ಯಾಡಪ್ಪ, ಹೋಗಾಣ," ಅಂದಳು ಕೊಟ್ರವ್ವ.